ಹಠ ಹಿಡಿದ ನಟ್ಟು ಮತ್ತು ಒಂದು ತುಂಡು ತಾಮ್ರದ ತಂತಿ

ಟಕ್... ಟಕ್... ಟಕ್...

ಈ ಶಬ್ದವನ್ನು ಮೊದಲು ಗುರುತಿಸಿದವರು ನನ್ನ ಅತ್ತೆ. ತಿಲಕನಗರದ ನಮ್ಮ ಮನೆಯಿಂದ ಜಯದೇವ ಹೃದ್ರೋಗ ಆಸ್ಪತ್ರೆ ದೂರವೇನೂ ಅಲ್ಲ. ತಿಂಗಳಿಗೊಮ್ಮೆ ಅವರನ್ನು ತಪಾಸಣೆಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಅಂದು ರಸ್ತೆಯ ಉಬ್ಬೊಂದನ್ನು ದಾಟುವಾಗ ಅವರು ಬಾಗಿಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಮಗಳೇ, ಈ ಗಾಡಿಯ ಮೂಳೆಯಲ್ಲಿ ಏನೋ ಸಡಿಲವಾಗಿದೆ" ಎಂದರು. ನಾನು ನಕ್ಕುಬಿಟ್ಟೆ. ಇಪ್ಪತ್ತು ವರ್ಷದ ಮಾರುತಿ 800. ಸದ್ದು ಮಾಡದೆ ಇನ್ನೇನು ಮಾಡೀತು?

ಆದರೆ ಮುಂದಿನ ತಿಂಗಳು ಅತ್ತೆ ಕಾರು ಹತ್ತಲು ಒಪ್ಪಲಿಲ್ಲ. "ಆಟೋ ಕರಿ" ಎಂದು ಗೇಟಿನ ಬಳಿ ನಿಂತುಬಿಟ್ಟರು.

ಈ ಕಾರಿನ ಕಥೆಯನ್ನು ಸ್ವಲ್ಪ ಹೇಳಬೇಕು. 2005ರಲ್ಲಿ ಇದನ್ನು ಕೊಂಡವರು ನನ್ನ ಮಾವ, ಉಳ್ಳಾಲದಲ್ಲಿ. ಕಡಲಿನ ಅಬ್ಬರ ಅಂಗಳಕ್ಕೇ ಕೇಳಿಸುವ ಮನೆ. ಹತ್ತು ವರ್ಷ ಅದು ಅಲ್ಲೇ ತೆಂಗಿನ ಗರಿಯ ಚಪ್ಪರದ ಕೆಳಗೆ ನಿಂತಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮೊಂದಿಗೆ ಬೆಂಗಳೂರಿಗೆ ಬಂದರು. ಅವರೊಂದಿಗೆ ಕಾರೂ ಬಂತು. ಯಜಮಾನರು ದಮ್ಮಾಮಿನಲ್ಲಿರುವುದರಿಂದ ವರ್ಷಗಟ್ಟಲೆ ಅದು ಹೊದಿಕೆ ಹೊದ್ದು ಮಲಗಿತ್ತು. ಮೂವತ್ತೆಂಟನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತದ್ದು ಇದರಲ್ಲೇ. ಮಕ್ಕಳ ಶಾಲೆ, ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆ, ಬನಶಂಕರಿಯಲ್ಲಿರುವ ನಾದಿನಿಯ ಮನೆ ಎಂದು ಯಾರನ್ನೂ ಕಾಯದೆ, ಯಾರ ಹಂಗಿಲ್ಲದೆ ಹೋಗಿ ಬರುವುದು ಸಾಧ್ಯವಾದದ್ದು ಈ ಪುಟ್ಟ ಬಿಳಿ ಕಾರಿನಿಂದ. "ಮಾರಿಬಿಡು, ಇಲ್ಲವೇ ಗುಜರಿಗೆ ಕೊಡು" ಎಂದು ಯಜಮಾನರು ಫೋನಿನಲ್ಲಿ ಹೇಳಿದಾಗ ನನ್ನ ಗಂಟಲು ಕಟ್ಟಿತು.

ನಮ್ಮಲ್ಲಿ ಎಷ್ಟೋ ಮನೆಗಳ ಮೊದಲ ಕಾರು ಇದೇ ಅಲ್ಲವೇ? 1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿ ಮೊದಲ ಗ್ರಾಹಕನ ಕೈಗೆ ಕೀಲಿ ಕೊಟ್ಟಲ್ಲಿಂದ ಆರಂಭವಾಗಿ, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ತನಕ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಮಾಲಿನ್ಯದ ಹೊಸ ನಿಯಮ ಬಂದದ್ದರಿಂದ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ 2010ರಲ್ಲೇ ಮಾರಾಟ ನಿಂತಿತ್ತು. ಹೀಗಾಗಿ ನಮ್ಮ ಬೀದಿಗಳಲ್ಲಿ ಇಂದು ಓಡುತ್ತಿರುವ ಪ್ರತಿಯೊಂದು 800 ಕೂಡ ಮುದಿ ಕಾರೇ. ಮುದಿ ಕಾರನ್ನು ಇಟ್ಟುಕೊಳ್ಳುವುದು ಅಗ್ಗವೂ ಅಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸುವ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದು 10,000 ರೂಪಾಯಿಯಾಯಿತು. ಅಷ್ಟು ಕಟ್ಟಿದವರು ರಿಪೇರಿಯಲ್ಲಿ ನಾಲ್ಕು ಕಾಸು ಉಳಿಸಲು ನೋಡುವುದು ಸಹಜ. ನಾನೂ ಹಾಗೇ ಮಾಡಿದ್ದೆ.

ಕಾರಿನ ಕೆಳಗೆ ಕಂಡದ್ದು

ನೆರೆಮನೆಯ ಆಪಾ ಒಬ್ಬ ಮೆಕ್ಯಾನಿಕ್‌ನ ವಿಳಾಸ ಕೊಟ್ಟರು. ಗುರಪ್ಪನಪಾಳ್ಯದ ಒಳಗಲ್ಲಿಯಲ್ಲಿ ತಗಡಿನ ಮಾಡು, ಎರಡು ಕಾರು ನಿಂತರೆ ಮೂರನೆಯದಕ್ಕೆ ಜಾಗವಿಲ್ಲ. ಅರವತ್ತು ದಾಟಿದ ಹಿರಿಯರು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಿಂದ ಕೈಗೆ ಗ್ರೀಸ್ ಹಚ್ಚಿಕೊಂಡವರು. ಎಲ್ಲರೂ ಚಾಚಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ.

ಅವರು ಕಾರನ್ನು ಓಡಿಸಿ ನೋಡಲಿಲ್ಲ. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಎಂಜಿನ್ ಆರಿಸಿ, "ಬೇಟಿ, ಸ್ಟಿಯರಿಂಗನ್ನು ಎಡಕ್ಕೆ ಬಲಕ್ಕೆ ನಾಲ್ಕು ಬೆರಳಿನಷ್ಟು ಮಾತ್ರ ಅಲ್ಲಾಡಿಸುತ್ತಾ ಇರು" ಎಂದರು. ತಾವು ಬಲಗಡೆಯ ಮುಂದಿನ ಚಕ್ರದ ಬಳಿ ಕುಳಿತು ಒಳಗೆ ಕೈ ಇಟ್ಟು ಕಣ್ಣು ಮುಚ್ಚಿದರು, ನಾಡಿ ನೋಡುವ ಹಕೀಮರ ಹಾಗೆ. ಆಮೇಲೆ ಜಾಕ್ ಏರಿಸಿ, ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ ನನ್ನನ್ನು ಕರೆದರು. "ಗಾಡಿ ನಿನ್ನದು. ನೀನೇ ನೋಡಬೇಕು."

ಸಂಕೋಚದಿಂದಲೇ ಬುರ್ಖಾ ಒತ್ತರಿಸಿಕೊಂಡು ಬಗ್ಗಿದೆ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರವನ್ನು ತಳ್ಳುವ, ಎಳೆಯುವ ಕಬ್ಬಿಣದ ಸರಳೊಂದಿದೆ. ಅದರ ತುದಿಯನ್ನು ಗ್ಯಾರೇಜಿನವರು ಟೈರಾಡ್ ಎಂಡ್ ಎನ್ನುತ್ತಾರೆ. ನಮ್ಮ ತೋಳಿನ ಮೂಳೆಯ ಗುಂಡು ಭುಜದ ಗುಣಿಯಲ್ಲಿ ತಿರುಗುವ ಹಾಗೆ, ಅದರೊಳಗೆ ಉಕ್ಕಿನ ಒಂದು ಗುಂಡು ತಿರುಗುತ್ತದೆ. ಸುತ್ತ ಗ್ರೀಸ್, ಮೇಲೆ ರಬ್ಬರಿನ ಟೋಪಿ. ಹಳೆಯ ಕಾಲದ ಕಾರುಗಳಲ್ಲಿ ಇಂಥ ಕೀಲುಗಳಿಗೆ ಆಗಾಗ ಗ್ರೀಸ್ ತುಂಬಲು ಸಣ್ಣ ನಿಪ್ಪಲ್ ಇರುತ್ತಿತ್ತು. ಇದರಲ್ಲಿ ಇಲ್ಲ. ಗ್ರೀಸನ್ನು ಒಮ್ಮೆ ತುಂಬಿ ಮುಚ್ಚಿದರೆ ಮುಗಿಯಿತು. ರಬ್ಬರ್ ಹರಿದರೆ ಗ್ರೀಸ್ ಹೊರಗೆ, ಮಣ್ಣು ಮರಳು ಒಳಗೆ. ನಮ್ಮದರ ರಬ್ಬರ್ ಹರಿದು ಚಿಂದಿಯಾಗಿತ್ತು.

ಆದರೆ ಚಾಚಾ ಬೆರಳು ತೋರಿಸಿದ್ದು ಅದಕ್ಕಲ್ಲ. ಆ ಕೀಲನ್ನು ಚಕ್ರಕ್ಕೆ ಬಿಗಿದ ನಟ್ಟಿನತ್ತ.

ಅಲ್ಲೊಂದು ಸ್ಪ್ಲಿಟ್ ಪಿನ್ ಇರಬೇಕು. ಬೋಲ್ಟಿನ ತೂತಿನೊಳಗಿಂದ ಹಾಯಿಸಿ ಎರಡೂ ಕಾಲನ್ನು ಮಡಚುವ, ಹೆಣ್ಣುಮಕ್ಕಳ ತಲೆಪಿನ್ನಿನಂಥ ಪುಟ್ಟ ತುಂಡು. ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವುದು ಅದರ ಕೆಲಸ. ಅದರ ಬೆಲೆ ಕೆಲವೇ ರೂಪಾಯಿ. ಅದರ ಜಾಗದಲ್ಲಿ ಇದ್ದದ್ದು ಒಂದು ತುಂಡು ತಾಮ್ರದ ತಂತಿ. ಮನೆಯ ವೈರಿಂಗಿಗೆ ಬಳಸುವಂಥದ್ದು. ಪಿನ್ ಹೋಗಬೇಕಾದ ತೂತು ಜಜ್ಜಿ ಮುಚ್ಚಿಹೋಗಿತ್ತು. ಬೋಲ್ಟಿನ ತುದಿ ಅಣಬೆಯ ಹಾಗೆ ಚಪ್ಪಟೆಯಾಗಿ ಅರಳಿತ್ತು.

ನನಗೆ ನೆನಪಾಯಿತು. ಹಿಂದಿನ ವರ್ಷ ಬೇರೊಂದು ಗ್ಯಾರೇಜಿನಲ್ಲಿ ಆಕ್ಸಲ್‌ನ ರಬ್ಬರ್ ಬೂಟ್ ಬದಲಾಯಿಸಿದ್ದೆ. ಬೇರೆ ಕಡೆಗಿಂತ ಕಡಿಮೆ ಹೇಳಿದ್ದರು, ಎರಡು ಗಂಟೆಯಲ್ಲಿ ಕಾರು ಕೈಗೆ ಕೊಟ್ಟಿದ್ದರು. ಆ ಕೆಲಸಕ್ಕೆ ಈ ಕೀಲನ್ನು ಬಿಡಿಸಲೇಬೇಕು. ಬಿಟ್ಟುಕೊಡದಿದ್ದಾಗ ಯಾರೋ ನಟ್ಟು ತೆಗೆದು ಬೋಲ್ಟಿನ ತಲೆಗೇ ಸುತ್ತಿಗೆಯಿಂದ ಬಡಿದಿದ್ದಾರೆ. ಆಮೇಲೆ ಅರದಿಂದ ಉಜ್ಜಿ ಹೇಗೋ ನಟ್ಟು ಏರಿಸಿದ್ದಾರೆ. ಪಿನ್ ಹೋಗಲಿಲ್ಲ, ತಂತಿ ಸುತ್ತಿದರು.

ಒಂದು ವರ್ಷ ನಾನು ಮಕ್ಕಳನ್ನೂ ಅತ್ತೆಯನ್ನೂ ಕೂರಿಸಿಕೊಂಡು ಆ ತಂತಿಯ ನಂಬಿಕೆಯ ಮೇಲೆ ಓಡಾಡಿದ್ದೆ. ನಟ್ಟು ಕಳಚಿ ಕೀಲು ಹೊರಬಂದಿದ್ದರೆ ಆ ಕಡೆಯ ಚಕ್ರಕ್ಕೂ ಸ್ಟಿಯರಿಂಗಿಗೂ ಸಂಬಂಧವೇ ಇರುತ್ತಿರಲಿಲ್ಲ. ನಾನು ಎಡಕ್ಕೆ ತಿರುಗಿಸಿದರೂ ಅದು ತನಗೆ ತೋಚಿದ ಕಡೆಗೆ ಹೋಗುತ್ತಿತ್ತು. ಕಾಲಿನ ಶಕ್ತಿ ಉಡುಗಿದಂತಾಗಿ, ಅಲ್ಲೇ ಇದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತೆ.

ಒಂದರೊಳಗೊಂದು ಸಿಕ್ಕಿಕೊಂಡ ಲೋಟ

ಇಷ್ಟಕ್ಕೂ ಈ ಕೀಲು ಹಠ ಹಿಡಿಯುವುದೇಕೆ? ನಟ್ಟು ತೆಗೆದರೆ ಬೋಲ್ಟು ಹೊರಗೆ ಬರಬೇಕಲ್ಲವೇ ಎಂದು ನಾನು ಕೇಳಿದೆ. ಚಾಚಾ ಚಹಾದ ಎರಡು ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಒತ್ತಿ ನನ್ನ ಕೈಗೆ ಕೊಟ್ಟರು. "ತೆಗೆ ನೋಡೋಣ."

ಬರಲಿಲ್ಲ. ಪಾತ್ರೆ ತೊಳೆಯುವ ಯಾವ ಹೆಂಗಸಿಗೆ ಇದು ಗೊತ್ತಿಲ್ಲ? ಲೋಟದ ಬುಡ ಸಣ್ಣ, ಬಾಯಿ ಅಗಲ. ಒಳಗಿನದು ಇಳಿದಷ್ಟೂ ಬಿಗಿ. ಕೀಲಿನ ಬೋಲ್ಟೂ ಹಾಗೆಯೇ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ. ಅದು ಕೂರುವ ತೂತೂ ಅದೇ ಆಕಾರದ್ದು. ನಟ್ಟನ್ನು ಬಿಗಿದಾಗ ಬೋಲ್ಟು ಒಳಕ್ಕೆ ಎಳೆಯಲ್ಪಟ್ಟು ಉಕ್ಕಿಗೆ ಉಕ್ಕು ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿಕೊಂಡಿರಬೇಕಾದದ್ದೇ. ಸ್ಟಿಯರಿಂಗಿನಲ್ಲಿ ಕೂದಲೆಳೆಯಷ್ಟು ಸಡಿಲವೂ ಇರಕೂಡದೆಂದೇ ಹಾಗೆ ಮಾಡಿದ್ದಾರೆ. ಆದ್ದರಿಂದ ನಟ್ಟು ತೆಗೆದ ಮೇಲೂ ಅದು ಬಿಡುವುದಿಲ್ಲ.

ಸಿಕ್ಕಿಕೊಂಡ ಲೋಟವನ್ನು ನಾವು ಹೇಗೆ ಬಿಡಿಸುತ್ತೇವೆ? ಒಳಗಿನ ಲೋಟವನ್ನು ಕೆಳಗಿನಿಂದ ಗುದ್ದುತ್ತೇವೆಯೇ? ಇಲ್ಲ. ಹೊರಗಿನ ಲೋಟದ ಬದಿಗೆ ಮರದ ಸೌಟಿನಿಂದ ಸುತ್ತಲೂ ತಟ್ಟುತ್ತೇವೆ. ಜಾಸ್ತಿ ಹಠ ಮಾಡಿದರೆ ಒಳಗಿನದಕ್ಕೆ ತಣ್ಣೀರು ಹೊಯ್ದು ಹೊರಗಿನದನ್ನು ಬಿಸಿನೀರಿನಲ್ಲಿಡುತ್ತೇವೆ. ಹೊರಗಿನದು ಹಿಗ್ಗುತ್ತದೆ, ಒಳಗಿನದು ಕುಗ್ಗುತ್ತದೆ. ಗ್ಯಾರೇಜಿನ ವಿದ್ಯೆಯೂ ಇಷ್ಟೇ ಎಂದರು ಚಾಚಾ. "ಬಡಿಯುವುದು ಎಲ್ಲರಿಗೂ ಬರುತ್ತದೆ. ಎಲ್ಲಿ ಬಡಿಯಬೇಕೆಂಬುದಕ್ಕೆ ನಾನು ಕೂಲಿ ತೆಗೆದುಕೊಳ್ಳುವುದು."

ಮೊದಲು ಎಡಗಡೆಯ ಕೀಲನ್ನು ಬಿಚ್ಚಿ ತೋರಿಸಿದರು. ಅದು ಕಂಪನಿಯಿಂದ ಬಂದಂದಿನಿಂದ ಯಾರ ಕೈಯನ್ನೂ ಕಂಡಿರಲಿಲ್ಲ. ತಂತಿ ಬ್ರಶ್ಶಿನಿಂದ ಥ್ರೆಡ್ಡಿನ ಮಣ್ಣು ಉಜ್ಜಿ, ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಬಿಟ್ಟಿದ್ದರು. ತುಕ್ಕು ಹಿಡಿದ ಸ್ಪ್ಲಿಟ್ ಪಿನ್ನನ್ನು ಕತ್ತರಿಸಿ ಎಳೆದರು. ನಟ್ಟನ್ನು ಬಿಚ್ಚುವ ಮೊದಲು ಒಂದು ನೂಲಿನಷ್ಟು ಬಿಗಿಯುವ ದಿಕ್ಕಿಗೇ ತಿರುಗಿಸಿದರು. ತುಕ್ಕಿನ ಹಿಡಿತ ಮುರಿಯಲು ಅದೊಂದು ಉಪಾಯವಂತೆ. ಬಳಿಕ ನಟ್ಟನ್ನು ಪೂರ್ತಿ ತೆಗೆಯದೆ ತುದಿಯಲ್ಲಿ ಕೆಲವು ಸುತ್ತು ಹಾಗೇ ಬಿಟ್ಟರು. ಥ್ರೆಡ್ಡಿಗೆ ಅದೇ ರಕ್ಷೆ. ಕೀಲು ಫಟ್ಟನೆ ಬಿಟ್ಟಾಗ ಕೈಗೆ ಹಾರದಂತೆ ತಡೆಯುವುದೂ ಅದೇ.

ಆಮೇಲೆ ಎರಡು ಸುತ್ತಿಗೆ. ಬೋಲ್ಟು ಕೂರುವ ಭಾಗ ದಪ್ಪ ಬಳೆಯಂತಿರುತ್ತದೆ. ಅದರ ಒಂದು ಬದಿಗೆ ಭಾರದ ಸುತ್ತಿಗೆಯನ್ನು ಆನಿಸಿ ಹಿಡಿದು, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ನೇರವಾಗಿ ಹೊಡೆದರು. ಬೋಲ್ಟಿಗಲ್ಲ, ನಟ್ಟಿಗಲ್ಲ, ಬಳೆಯ ಬದಿಗೆ. ಹೊಡೆತಕ್ಕೆ ಆ ಉಕ್ಕಿನ ಬಳೆ ಒಂದು ಕ್ಷಣ, ಕಣ್ಣಿಗೆ ಕಾಣದಷ್ಟು, ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒಳಗಿನ ಹಿಡಿತ ತಪ್ಪುತ್ತದೆ. ನಾಲ್ಕನೆಯ ಏಟಿಗೆ ಠಣ್ ಎಂಬ ಸದ್ದು ಬದಲಾಗಿ ಫಟ್ ಎಂದಿತು. ಕೀಲು ಬಿಟ್ಟಿತ್ತು. ಇಷ್ಟಕ್ಕೆಲ್ಲ ಹತ್ತು ನಿಮಿಷ.

ಎರಡು ಕವಲಿನ ಉಳಿಯೊಂದನ್ನು ಸಂದಿಗೆ ಬಡಿದು ಕೀಲನ್ನು ಬೇರ್ಪಡಿಸುವುದೂ ಉಂಟು. ಬೇಗ ಕೆಲಸವಾಗುತ್ತದೆ, ಆದರೆ ರಬ್ಬರ್ ಹರಿಯುತ್ತದೆ. ಎಸೆಯುವ ಭಾಗಕ್ಕಾದರೆ ಚಿಂತೆಯಿಲ್ಲ. ತಿರುಗಿ ಹಾಕುವ ಭಾಗಕ್ಕೆ ಆ ಉಳಿ ತೆಗೆದರೆ ನೀವು ತಡೆಯಬೇಕು. ಪುಲ್ಲರ್ ಎಂಬ ಸಾಧನ ಒಳ್ಳೆಯದು. ಅದರಿಂದ ಒತ್ತಡ ಕೊಟ್ಟು ಬಳೆಯ ಬದಿಗೆ ಒಂದು ಏಟು ಹಾಕಿದರೆ ಸಾಕಾಗುತ್ತದೆ. ಹೊಸ ಕಾರುಗಳಲ್ಲಿ ಕೆಲವಕ್ಕೆ ಈ ಭಾಗ ಅಲ್ಯೂಮಿನಿಯಂನದು. ಅವಕ್ಕೆ ಸುತ್ತಿಗೆ ಸೋಕಿಸಲೇಬಾರದು, ಪುಲ್ಲರೇ ಬೇಕು.

ಬಲಗಡೆಯದು? ಅದಕ್ಕೆ ಅರ್ಧ ದಿನ ಹಿಡಿಯಿತು. ನಟ್ಟು ಒಂದು ಸುತ್ತು ಬಂದು ಜಜ್ಜಿದ ಥ್ರೆಡ್ಡಿಗೆ ಸಿಕ್ಕಿ ನಿಂತಿತು. ಇನ್ನೂ ತಿರುಗಿಸಿದರೆ ಬೋಲ್ಟೇ ಜೊತೆಗೆ ಸುತ್ತತೊಡಗಿತು. ಕೆಳಗಿನಿಂದ ಜಾಕಿನಲ್ಲಿ ಒತ್ತಿ ಹಿಡಿದು ನೋಡಿದರು, ಆಗಲಿಲ್ಲ. ಕೊನೆಗೆ ಗ್ರೈಂಡರಿನಿಂದ ನಟ್ಟಿನ ಒಂದು ಮುಖವನ್ನು ಕೊಯ್ದು ಉಳಿಯಿಂದ ಸೀಳಿದರು. ಜುಮಾ ನಮಾಝಿಗೆ ಹೊರಟಾಗಲೂ ಅದು ಬಿಟ್ಟಿರಲಿಲ್ಲ. ಎಣ್ಣೆ ಸಿಂಪಡಿಸಿ ಹೋದರು, ಬಂದ ಮೇಲೆ ಬಿಡಿಸಿದರು.

ಇಪ್ಪತ್ತು ವರ್ಷ ಯಾರೂ ಮುಟ್ಟದ ಕೀಲು ಹತ್ತು ನಿಮಿಷದಲ್ಲಿ ಬಂತು, ಒಂದು ವರ್ಷದ ಹಿಂದೆ ಅವಸರದ ಕೈ ಮುಟ್ಟಿದ್ದು ಅರ್ಧ ದಿನ ತಿಂದಿತು. ಹಳೆಯ ಕಾರಿನಲ್ಲಿ ತುಕ್ಕಿಗಿಂತ ಹೆಚ್ಚು ಹಾಳು ಮಾಡುವುದು ಹಿಂದಿನ ರಿಪೇರಿ ಎಂಬುದು ನನಗೆ ಅಂದು ಮನದಟ್ಟಾಯಿತು.

ಕಡಲಿನ ಉಪ್ಪು

ತುಕ್ಕೇನೂ ಸುಮ್ಮನೆ ಬಿಡಲಿಲ್ಲ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಎಂಬ ತೋಳಿನ ಬುಷ್ ಸವೆದಿತ್ತು. ಬುಷ್ ಎಂದರೆ ನಡುವೆ ಕಬ್ಬಿಣದ ಕೊಳವೆಯಿರುವ ರಬ್ಬರಿನ ಉರುಟು ತುಂಡು. ಕಾರಿಗೆ ಕುಲುಕಾಟ ತಾಗದಂತೆ ತಡೆಯುವುದು ಇದೇ. ಅದರ ಕೊಳವೆಯೊಳಗೆ ಹಾಯ್ದ ಬೋಲ್ಟು ಮಿಸುಕಲೇ ಇಲ್ಲ.

"ಈ ಗಾಡಿ ಎಲ್ಲಿಯದು?" ಎಂದು ಚಾಚಾ ಕೇಳಿದರು. ಕೆಎ-19 ಎಂಬ ನಂಬರ್ ನೋಡಿ ತಾವೇ ತಲೆಯಾಡಿಸಿದರು. ಮಂಗಳೂರಿನ ಗಾಡಿ!

ಕರಾವಳಿಯ ಓದುಗರು ಇದನ್ನು ಗಮನಿಸಬೇಕು. ಬೆಂಗಳೂರಿನಲ್ಲೇ ಬೆಳೆದ ಕಾರಿಗೂ ಕಡಲ ಬದಿಯ ಕಾರಿಗೂ ಅಡಿಭಾಗದಲ್ಲಿ ಅಜಗಜಾಂತರ. ಗಾಳಿಯಲ್ಲಿ ಬರುವ ಉಪ್ಪಿನಂಶ ಸಂದುಗೊಂದುಗಳಲ್ಲಿ ಕೂತು ತೇವವನ್ನು ಹಿಡಿದಿಡುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ದುಪ್ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಕೊಳವೆಯೊಳಗೆ ಹಿಗ್ಗಲು ಜಾಗವೆಲ್ಲಿ? ಬೋಲ್ಟೂ ಕೊಳವೆಯೂ ಬೆಸುಗೆ ಹಾಕಿದಂತೆ ಒಂದಾಗುತ್ತವೆ. ಟೈರಾಡಿನ ಕೀಲಿನಲ್ಲಿ ಉಕ್ಕಿಗೆ ಉಕ್ಕು ಒತ್ತಿ ಕೂತಿರುವುದರಿಂದ ನೀರು ನುಸುಳಲು ಸಂದಿಯಿಲ್ಲ, ಅದಕ್ಕೇ ಅದು ಸುಲಭವಾಗಿ ಬಂದದ್ದು. ಇಲ್ಲಿ ಸಂದಿ ಇತ್ತು.

ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ಎಳೆದರೆ ಬರಬಹುದು. ಬೋಲ್ಟಿನ ತಲೆಯೇ ಮುರಿದು ಕೈಗೆ ಬರಲೂಬಹುದು. ಎಳೆಯುವವನ ಗೆಣ್ಣು ಕಬ್ಬಿಣಕ್ಕೆ ಬಡಿಯುತ್ತದೆ. ಚಾಚಾರ ಎಡಗೈಯ ನಡುಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ, ಅಂಥದೇ ಒಂದು ಪೈಪಿನ ಕಾಣಿಕೆ. ಗ್ಯಾಸ್ ಬೆಂಕಿಯಿಂದ ಕಾಯಿಸುವ ದಾರಿಯೂ ಇದೆ. ಆದರೆ ಪಕ್ಕದಲ್ಲೇ ಬ್ರೇಕಿನ ರಬ್ಬರ್ ಪೈಪ್ ಇರುತ್ತದೆ, ಗ್ರೀಸ್ ತುಂಬಿ ಮುಚ್ಚಿದ ಕೀಲುಗಳಿರುತ್ತವೆ. ಮುಚ್ಚಿದ ಕೀಲನ್ನು ಕಾಯಿಸಿದರೆ ಒಳಗಿನ ಗ್ರೀಸ್ ಕುದಿದು ಅದು ಸಿಡಿಯಬಹುದು. ಕಾಯಿಸಿದ ಉಕ್ಕಿಗೆ ನೀರು ಸುರಿದು ತಣಿಸಿದರೆ ಅದು ಗಾಜಿನಂತೆ ಬಿರುಸಾಗಬಹುದು. ಚಾಚಾ ಬೆಂಕಿ ತರಲಿಲ್ಲ. ಆರ್ಮ್ ಮತ್ತು ಬಾಡಿಯ ನಡುವಿನ ಸಂದಿಯಲ್ಲಿ ಗರಗಸದ ಬ್ಲೇಡ್ ಹಾಕಿ ಬೋಲ್ಟನ್ನೇ ಎರಡೂ ಕಡೆ ಕೊಯ್ದರು. ಬೋಲ್ಟೂ ಹೋಯಿತು, ಬುಷ್ಷೂ ಹೋಯಿತು, ಎರಡೂ ಹೇಗಿದ್ದರೂ ಬದಲಾಯಿಸಬೇಕಾದವೇ. ಕಾರಿನ ಬಾಡಿಗೆ ಒಂದು ಗೀರೂ ಬೀಳಲಿಲ್ಲ.

ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗನೊಬ್ಬನಿದ್ದ. ಹದಿನೆಂಟು ಹತ್ತೊಂಬತ್ತು ಇರಬಹುದು. ಅವನು ಆತುರದಲ್ಲಿ ಜಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ತಲೆ ಹಾಕಿದ. ಚಾಚಾ ಕಾಲರ್ ಹಿಡಿದು ಹೊರಗೆಳೆದರು. ಅಷ್ಟು ಹೊತ್ತು ಮೆಲ್ಲಗೆ ಮಾತನಾಡುತ್ತಿದ್ದವರ ಧ್ವನಿ ಇಡೀ ಗಲ್ಲಿಗೆ ಕೇಳಿಸಿತು. ಜಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಕಲ್ಲು, ಇಟ್ಟಿಗೆ ಕೊಟ್ಟು ಕೆಳಗೆ ನುಸುಳುವುದಂತೂ ಆತ್ಮಹತ್ಯೆಗೆ ಸಮ. ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ.

ಶಾಕ್ ಅಬ್ಸಾರ್ಬರ್ ಬಗ್ಗೆ ಒಂದೇ ಮಾತು. ಈ ಕಾರಿನ ಮುಂಭಾಗದಲ್ಲಿ ಶಾಕ್ ಅಬ್ಸಾರ್ಬರ್ ಮತ್ತು ಸುರುಳಿ ಸ್ಪ್ರಿಂಗ್ ಒಂದೇ ಕಂಬದಲ್ಲಿ ಕೂಡಿರುತ್ತವೆ. ಆ ಸ್ಪ್ರಿಂಗ್ ಸದಾ ಒತ್ತಿ ಹಿಡಿದ ಸ್ಥಿತಿಯಲ್ಲಿರುತ್ತದೆ. ಅದನ್ನು ತಕ್ಕ ಸಾಧನದಿಂದ ಕಟ್ಟಿ ಹಿಡಿಯದೆ ಮೇಲಿನ ನಡುವಿನ ನಟ್ಟನ್ನು ಬಿಚ್ಚಿದರೆ ಅದು ಗುಂಡಿನಂತೆ ಸಿಡಿಯುತ್ತದೆ. ಮನೆಯಲ್ಲಿ ಗಂಡಸರು ರಜೆಯ ಹುಮ್ಮಸ್ಸಿನಲ್ಲಿ ಈ ಕೆಲಸಕ್ಕೆ ಕೈ ಹಾಕಿದರೆ ಸ್ಪ್ಯಾನರ್ ಅಡಗಿಸಿಡಿ.

ಎಣಿಕೆ ಮತ್ತು ಬಿಗಿತ

ಹೊಸ ಭಾಗಗಳನ್ನು ತರಲು ಜೆ.ಸಿ. ರಸ್ತೆಗೆ ಹೋದೆವು. ಟೌನ್‌ಹಾಲ್‌ನಿಂದ ಮಿನರ್ವ ವೃತ್ತದ ಕಡೆಗೆ ಸಾಲು ಸಾಲು ಬಿಡಿಭಾಗಗಳ ಅಂಗಡಿಗಳು. ತಯಾರಿಕೆ ನಿಂತು ಹತ್ತು ವರ್ಷ ದಾಟಿದರೂ 800ರ ಭಾಗ ಕೇಳಿದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಬೆಲೆಗಳು ಮಾತ್ರ ಮೂರು ನಾಲ್ಕು ಬಗೆ. ತೀರಾ ಅಗ್ಗದ್ದನ್ನು ಚಾಚಾ ಕೈಯಲ್ಲಿ ತಿರುಗಿಸಿ ನೋಡಿ ವಾಪಸ್ ಇಟ್ಟರು. "ಸೀಟ್ ಕವರ್ ಆದರೆ ಅಗ್ಗದ್ದು ಹಾಕು, ಸ್ಟಿಯರಿಂಗಿಗೆ ಬೇಡ." ಒಂದು ಕಡೆಯದು ಮಾತ್ರ ಸವೆದಿದ್ದರೂ ಎರಡೂ ಕಡೆಯದನ್ನು ತೆಗೆದುಕೊಂಡೆವು. ಒಟ್ಟು ಲೆಕ್ಕದಲ್ಲಿ ಭಾಗಗಳಿಗಿಂತ ಕೂಲಿಯೇ ಹೆಚ್ಚಾಯಿತು. ನನಗೆ ಬೇಸರವಾಗಲಿಲ್ಲ.

ಹಳೆಯ ಟೈರಾಡ್ ಎಂಡನ್ನು ಸರಳಿನಿಂದ ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಬಂತೆಂದು ಎಣಿಸಬೇಕು. ಹೊಸದನ್ನು ಅಷ್ಟೇ ಸುತ್ತು ಏರಿಸಬೇಕು, ಇಲ್ಲವಾದರೆ ಚಕ್ರಗಳು ಒಂದು ಆಚೆ ಒಂದು ಈಚೆ ನೋಡುತ್ತವೆ. ಆ ಎಣಿಕೆಯ ಕೆಲಸ ನನ್ನದು. ತಸ್ಬೀಹ್ ಎಣಿಸುವ ಹಾಗೆ ಬೆರಳ ಗೆಣ್ಣುಗಳಲ್ಲಿ ಎಣಿಸಿ, ಹುಡುಗ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದ. ಎಷ್ಟೇ ಎಣಿಸಿದರೂ ಇದು ತಾತ್ಕಾಲಿಕ, ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಮರುದಿನ ಬಿಟಿಎಂ ಲೇಔಟಿನಲ್ಲಿ ಅದನ್ನೂ ಮುಗಿಸಿದೆ. ಅದನ್ನು ಬಿಟ್ಟರೆ ಹೊಸ ಟೈರ್ ಕೂಡ ಒಂದು ಬದಿಯಿಂದ ಬೇಗನೆ ಬೋಳಾಗುತ್ತದೆ.

ಇನ್ನೊಂದು ವಿಷಯ ನನಗೆ ಹೊಸದು. ಲೋವರ್ ಆರ್ಮ್‌ನ ಹೊಸ ಬುಷ್ ಹಾಕಿ ಬೋಲ್ಟನ್ನು ಕೈಬಿಗಿ ಮಾತ್ರ ಮಾಡಿದರು. ಚಕ್ರ ಹಾಕಿ, ಕಾರನ್ನು ನೆಲಕ್ಕೆ ಇಳಿಸಿ, ಅದರ ಭಾರ ಚಕ್ರದ ಮೇಲೆ ಬಂದ ಮೇಲೆಯೇ ಕೊನೆಯ ಬಿಗಿ. ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ, ಇಳಿಸಿದಾಗ ರಬ್ಬರ್ ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದಂತೆ. ಎಷ್ಟು ಜನ ಹೀಗೆ ಮಾಡುತ್ತಾರೆ ಎಂದು ಕೇಳಿದೆ. ಚಾಚಾ ನಕ್ಕು ಸುಮ್ಮನಾದರು.

ಇಷ್ಟನ್ನೆಲ್ಲ ಹೇಳಿದ್ದು ನೀವು ಸುತ್ತಿಗೆ ಹಿಡಿಯಬೇಕೆಂದಲ್ಲ, ಸಹೋದರಿಯರೇ. ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಫೋನಿಗಾಗಿ ಕಾಯುವ ನಮಗೆ ಏನು ಕೇಳಬೇಕೆಂದು ಗೊತ್ತಿರಲಿ ಎಂದು. ಉಬ್ಬು ತಗ್ಗುಗಳಲ್ಲಿ ನಿಧಾನವಾಗಿ ಹೋಗುವಾಗ ಟಕ್ ಟಕ್ ಸದ್ದು, ಸ್ಟಿಯರಿಂಗ್ ಸ್ವಲ್ಪ ತಿರುಗಿದರೂ ಚಕ್ರ ತಡವಾಗಿ ಕೇಳುವುದು, ಟೈರಿನ ಒಂದೇ ಅಂಚು ಸವೆಯುವುದು, ಇವುಗಳಲ್ಲಿ ಯಾವುದು ಕಂಡರೂ ತೋರಿಸಿ. ಚಾಚಾ ನನಗೆ ಮಾಡಿಸಿದ ಪರೀಕ್ಷೆ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ ಮನೆಯ ಅಂಗಳದಲ್ಲೇ ಆಗುತ್ತದೆ. ಒಬ್ಬರು ಸ್ಟಿಯರಿಂಗ್ ಅಲ್ಲಾಡಿಸಿ, ಇನ್ನೊಬ್ಬರು ಚಕ್ರದ ಬಳಿ ಕಿವಿಗೊಡಿ. ರಿಪೇರಿ ಮುಗಿದಾಗ ಬಿಚ್ಚಿದ ಹಳೆಯ ಭಾಗವನ್ನು ಕೈಗೆ ಕೇಳಿ ಪಡೆಯಿರಿ. ಹೊಸ ಸ್ಪ್ಲಿಟ್ ಪಿನ್ ಹಾಕಿದ್ದನ್ನು ಚಕ್ರ ಮುಚ್ಚುವ ಮೊದಲೇ ನೋಡಿ. ಹಳೆಯ ಪಿನ್ನನ್ನು ನೇರ ಮಾಡಿ ತಿರುಗಿ ಹಾಕಬಾರದು. "ಹೆಂಗಸಿಗೇನು ಗೊತ್ತಾಗುತ್ತದೆ" ಎಂದು ಅಂದುಕೊಳ್ಳುವವರು ಇರಬಹುದು. ಪಿನ್ ಎಲ್ಲಿ ಎಂದು ಒಮ್ಮೆ ಕೇಳಿ ನೋಡಿ, ಮುಖಭಾವ ಬದಲಾಗುತ್ತದೆ.

ಆ ತಾಮ್ರದ ತಂತಿಯನ್ನು ನಾನು ಎಸೆಯಲಿಲ್ಲ. ಮನೆಗೆ ತಂದು ಅತ್ತೆಯ ಅಂಗೈ ಮೇಲಿಟ್ಟೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಒಂದು ಮಾತೂ ಆಡದೆ ಹೊಲಿಗೆಯ ಡಬ್ಬಿಯಲ್ಲಿ ಹಾಕಿಟ್ಟರು.

ಮುಂದಿನ ತಪಾಸಣೆಯ ದಿನ ಗೇಟಿನ ಬಳಿ ನಾನು ಆಟೋ ಕರೆಯಲೇ ಎಂದೆ. ಅವರು ಉತ್ತರಿಸದೆ ಕಾರಿನ ಮುಂದಿನ ಬಾಗಿಲು ತೆರೆದು ಕುಳಿತರು. ಮಾರೇನಹಳ್ಳಿ ರಸ್ತೆಯಲ್ಲಿ, ತಲೆಯ ಮೇಲೆ ಹಳದಿ ಮಾರ್ಗದ ಮೆಟ್ರೋ ಹಾದುಹೋಗುವಲ್ಲಿ, ಒಂದು ದೊಡ್ಡ ಉಬ್ಬು ಬಂತು. ಅತ್ತೆ ಎರಡೂ ಕೈಯಲ್ಲಿ ಹಿಡಿಕೆಯನ್ನು ಹಿಡಿದು, ಉಸಿರು ಬಿಗಿಹಿಡಿದು ಕಾದರು. ಮೊದಲು ಮುಂದಿನ ಚಕ್ರ ಹತ್ತಿ ಇಳಿಯಿತು, ಆಮೇಲೆ ಹಿಂದಿನದು.

"ಕಿಟಕಿ ಸ್ವಲ್ಪ ಇಳಿಸು ಮಗಳೇ, ಸೆಕೆಯಾಗುತ್ತಿದೆ" ಎಂದರು.